ಆಡು ತಿನ್ನೋ ಕಾರಿಗೆ ಬೆನ್ನು ಕಟ್ಟುವುದು

ತುಂಬಾ ದಿನಗಳಿಂದ ಬರೆಯಬೇಕು ಅಂದುಕೊಂಡಿದ್ದ ವಿಷಯ ಇದು. ಆಫೀಸಿನ ರಿಲೀಸು, ಡೆಡ್‌ಲೈನು ಅಂತ ಮುಂದೂಡುತ್ತಲೇ ಬಂದೆ. ಈ ವಾರಾಂತ್ಯ ಹೇಗೂ ಕರೆಂಟ್ ಇದೆ, ಚಹಾ ಇದೆ, ಕೂತುಬಿಟ್ಟೆ. ಸ್ವಲ್ಪ ಉದ್ದವಾಗಿದೆ, ಪುರಸೊತ್ತು ಮಾಡಿಕೊಂಡು ಓದಿ :-)

ವಿಷಯ ಏನಪ್ಪಾ ಅಂದರೆ, ಫೈಬರ್‌ಗ್ಲಾಸ್ ಮೈಯ ಕಾರುಗಳು. ಅದರಲ್ಲೂ ತೆರೆದ ಸ್ಪೋರ್ಟ್ಸ್ ಕಾರಿನ ಹಿಂಭಾಗಕ್ಕೆ ಫೈಬರ್‌ಗ್ಲಾಸಿನ ಇಳಿಜಾರು ಬೆನ್ನು ಕೂರಿಸಿ ಅದನ್ನು ಕೂಪೆ ಮಾಡುವ ಹುಚ್ಚು. ಕೂಪೆ ಅಂದರೆ ಎರಡು ಬಾಗಿಲಿನ, ಛಾವಣಿ ಮುಚ್ಚಿದ, ಸಾಮಾನ್ಯವಾಗಿ ಹಿಂದಕ್ಕೆ ಇಳಿಯುತ್ತಾ ಹೋಗುವ ಮೈಯ ಕಾರು. "ಕೊಪ್ಪಳದ ಹುಡುಗನಿಗೆ ಇದರ ಉಸಾಬರಿ ಯಾಕೆ?" ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಈ ವಿದ್ಯೆಯ ದೊಡ್ಡಪ್ಪ ನಮ್ಮ ಜಿಲ್ಲೆಯಲ್ಲೇ ಇದ್ದಾನೆ. ಹೆಸರು ಕಿನ್ನಾಳ.

ಕಿನ್ನಾಳದ ಗೊಂಬೆಗಳನ್ನು ನೀವೆಲ್ಲ ನೋಡಿರುತ್ತೀರಿ. ಬಣ್ಣ ಬಣ್ಣದ ಗರುಡ, ಗೌರಿ, ಕಾಮಧೇನು. ಅವೆಲ್ಲ ಬರೀ ಮರದ ಕೆತ್ತನೆ ಅಂತ ಬಹಳ ಜನ ತಿಳಿದಿದ್ದಾರೆ. ಒಳಗಿರುವುದು ಹಗುರ ಮರ, ನಿಜ. ಆದರೆ ಚಿತ್ರಗಾರರು ಗೋಣಿ ನಾರಿನ ಚಿಂದಿಯನ್ನು ನೆನೆಸಿ, ಸಣ್ಣಗೆ ಹೆಚ್ಚಿ, ಒಣಗಿಸಿ ಪುಡಿ ಮಾಡಿ ಹುಣಸೆ ಬೀಜದ ಅಂಟಿನಲ್ಲಿ ಕಲಸುತ್ತಾರೆ. ಅದಕ್ಕೆ 'ಕಿಟ್ಟ' ಅನ್ನುತ್ತಾರೆ. ಬೇರೆ ಬೇರೆ ಭಾಗಗಳನ್ನು ಜೋಡಿಸುವುದು, ಉಬ್ಬು ತಗ್ಗು ತರುವುದು ಎಲ್ಲ ಅದರಿಂದ. ಮೇಲೆ ಹತ್ತಿಯ ತುಣುಕುಗಳನ್ನು ಅದೇ ಅಂಟಿನಿಂದ ಹಚ್ಚಿ, ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ ಕೊಟ್ಟು ನುಣುಪು ಮಾಡುತ್ತಾರೆ. ಆಮೇಲೆ ಬಣ್ಣ. ಈಗ ನನ್ನ ಇಂಜಿನಿಯರಿಂಗ್ ಪುಸ್ತಕದ ಭಾಷೆಯಲ್ಲಿ ಹೇಳಿದರೆ: ನಾರು, ನಾರನ್ನು ಹಿಡಿದಿಡುವ ಅಂಟು, ಮೇಲೆ ನುಣುಪಿನ ಪದರ. ಇದಕ್ಕೇ ಕಾಂಪೋಸಿಟ್ ಅನ್ನುವುದು. ನಾರಿನ ಜಾಗದಲ್ಲಿ ಗಾಜಿನ ಎಳೆ, ಹುಣಸೆ ಬೀಜದ ಜಾಗದಲ್ಲಿ ಪಾಲಿಯೆಸ್ಟರ್ ರೆಸಿನ್, ಬೆಣಚುಕಲ್ಲಿನ ಲೇಪದ ಜಾಗದಲ್ಲಿ ಜೆಲ್‌ಕೋಟ್ ಇಟ್ಟರೆ ಕಾರಿನ ಮೈ ಸಿದ್ಧ! 2012ರಲ್ಲಿ ಕಿನ್ನಾಳದ ಗೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ನಾಲ್ಕು ವರ್ಷ ಕಾಂಪೋಸಿಟ್ ಬಗ್ಗೆ ಪಾಠ ಮಾಡಿದ ಯಾವ ಮೇಷ್ಟ್ರೂ ಕಿನ್ನಾಳದ ಹೆಸರು ಎತ್ತಲಿಲ್ಲ ಅನ್ನೋದು ಬೇರೆ ಮಾತು.

ಇನ್ನೊಂದು, ಆನೆಗುಂದಿಯ ಹರಿಗೋಲು. ಹದಿನಾರನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯಸ್ ಇದನ್ನು ನೋಡಿ ಬೆರಗಾಗಿ ಬರೆದಿಟ್ಟಿದ್ದಾನೆ. ಬುಟ್ಟಿಯ ಹಾಗೆ ದುಂಡಗಿನ ದೋಣಿ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಕೂರಬಹುದು, ಕುದುರೆ ಎತ್ತುಗಳನ್ನೂ ದಾಟಿಸಬಹುದು ಅಂತ. ತೆಳ್ಳಗಿನ ಚರ್ಮಕ್ಕೆ ಸ್ವಂತ ಬಲವಿಲ್ಲ, ಬಲವೆಲ್ಲ ಒಳಗಿನ ಹೆಣಿಗೆಯದು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಕಾರಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಈಗ ಸೀದಾ ಅಮೆರಿಕಕ್ಕೆ. ಗಾಜಿನ ನಾರು ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿದ್ದು ಅಲ್ಲಿ, 1930ರ ದಶಕದಲ್ಲಿ. ಮಹಾಯುದ್ಧ ಮುಗಿದ ಮೇಲೆ ದೋಣಿ ಕಟ್ಟುವವರು ಮೊದಲು ಹಿಡಿದುಕೊಂಡರು, ಹಿಂದೆಯೇ ಕಾರಿನವರು ಬಂದರು. 1953ರಲ್ಲಿ ಶೆವರ್ಲೆ ಕಂಪನಿ ಕಾರ್ವೆಟ್ ಅನ್ನುವ ಸ್ಪೋರ್ಟ್ಸ್ ಕಾರನ್ನು ಫೈಬರ್‌ಗ್ಲಾಸ್ ಮೈಯಲ್ಲಿ ತಂದಿತು. ಆ ವರ್ಷ ಮಾಡಿದ್ದು ಬರೀ 300, ಹೆಚ್ಚೂಕಡಿಮೆ ಕೈಯಲ್ಲೇ. ಯಾಕೆ ಫೈಬರ್‌ಗ್ಲಾಸ್? ಉಕ್ಕಿನ ತಗಡನ್ನು ಒತ್ತಿ ಆಕಾರ ಕೊಡಲು ಡೈ ಬೇಕು, ಪ್ರೆಸ್ ಬೇಕು. ಅದಕ್ಕೆ ಸುರಿಯುವ ದುಡ್ಡು ವಾಪಸ್ ಬರಬೇಕಾದರೆ ಲಕ್ಷಗಟ್ಟಲೆ ಕಾರು ಮಾರಬೇಕು. ಫೈಬರ್‌ಗ್ಲಾಸಿಗೆ ಒಂದು ಅಚ್ಚು ಸಾಕು. ಅಚ್ಚನ್ನು ಮಾಡುವುದಕ್ಕೂ ಅದೇ ಫೈಬರ್‌ಗ್ಲಾಸ್ ಸಾಕು. ನಾಲ್ಕು ಜನ, ಒಂದು ಶೆಡ್ಡು, ಒಂದಿಷ್ಟು ಬ್ರಷ್ಷು.

ಈ ನಾಲ್ಕು ಜನ, ಒಂದು ಶೆಡ್ಡಿನ ಲೆಕ್ಕ ಎಲ್ಲಕ್ಕಿಂತ ಚೆನ್ನಾಗಿ ಹಿಡಿದದ್ದು ಬ್ರಿಟನ್ನಿನಲ್ಲಿ. ಆಗ ಅಲ್ಲಿ ಆಸ್ಟಿನ್ ಹೀಲಿ ಸ್ಪ್ರೈಟ್‌ನಂಥ ಸಣ್ಣ ತೆರೆದ ಕಾರುಗಳು ಅಗ್ಗಕ್ಕೆ ಸಿಗುತ್ತಿದ್ದವು. ಮಳೆ ಬಂದರೆ ತೊಪ್ಪೆ. ಬಟ್ಟೆಯ ಛಾವಣಿ ಗಾಳಿಗೆ ಪಟಪಟ. 1960ರ ದಶಕದಲ್ಲಿ ಕೆಂಟ್ ಸೀಮೆಯ ಲೆನ್‌ಹ್ಯಾಮ್ ಅನ್ನುವ ಸಂಸ್ಥೆ ಸ್ಪ್ರೈಟ್‌ಗೆ ಫೈಬರ್‌ಗ್ಲಾಸ್ ಇಳಿಜಾರು ಬೆನ್ನು ಮಾಡಿ ಮಾರಿತು. ದೊಡ್ಡ ಕಂಪನಿಗಳೂ ಹಿಂದೆ ಬೀಳಲಿಲ್ಲ. ಟ್ರಯಂಫ್ ಕಂಪನಿ ತನ್ನ ತೆರೆದ ಸ್ಪಿಟ್‌ಫೈರ್ ಕಾರಿಗೆ ಫೈಬರ್‌ಗ್ಲಾಸಿನ ಬೆನ್ನು ಹಾಕಿ 1964 ಮತ್ತು 1965ರ ಲೆ ಮಾನ್ಸ್ 24 ಗಂಟೆಗಳ ಓಟಕ್ಕೆ ಇಳಿಸಿತು. 1965ರಲ್ಲಿ ತನ್ನ ವರ್ಗದಲ್ಲಿ ಗೆದ್ದಿತು ಕೂಡ. ಮರುವರ್ಷ ಅದೇ ಧಾಟಿಯ ಬೆನ್ನು ಉಕ್ಕಿನಲ್ಲಿ ಬಂತು, ಜಿಟಿ6 ಅನ್ನುವ ಹೆಸರಲ್ಲಿ.

ಬೆನ್ನು ಕಟ್ಟುವುದು ಬರೀ ಮಳೆಗಾಗಿ, ಅಂದಕ್ಕಾಗಿ ಅಲ್ಲ. ತೆರೆದ ಕಾರಿನ ಹಿಂದೆ ಗಾಳಿ ಸುಳಿ ಸುಳಿಯಾಗಿ ತಿರುಗಿ ಕಾರನ್ನು ಹಿಂದಕ್ಕೆ ಎಳೆಯುತ್ತದೆ. ಬೆನ್ನು ಮೆಲ್ಲಗೆ ಇಳಿದರೆ ಗಾಳಿ ಮೈಗಂಟಿಕೊಂಡೇ ಹೋಗುತ್ತದೆ. ಹಾಗಂತ ಬಾಲವನ್ನು ಮೀನಿನ ಹಾಗೆ ಉದ್ದಕ್ಕೆ ಎಳೆಯಬೇಕಿಲ್ಲ, ಸರಿಯಾದ ಜಾಗದಲ್ಲಿ ಕತ್ತರಿಸಿಬಿಟ್ಟರೂ ಹೆಚ್ಚು ನಷ್ಟವಿಲ್ಲ ಅಂತ 1930ರ ದಶಕದಲ್ಲೇ ಜರ್ಮನಿಯ ವುನಿಬಾಲ್ಡ್ ಕಾಮ್ ತೋರಿಸಿದ್ದ. ಪೀಟ್ ಬ್ರಾಕ್ 1964ರಲ್ಲಿ ಕೋಬ್ರಾ ಕಾರಿಗೆ ಇದನ್ನೇ ಅನ್ವಯಿಸಿದ. ಅದು ಅಲ್ಯುಮಿನಿಯಂ ಮೈ, ಆದರೆ ಪಾಠ ಒಂದೇ. ಎಂಜಿನ್ನಿನ ವಂಶ ಅದೇ, ಚಾಸಿ ಅದೇ, ಬೆನ್ನು ಮಾತ್ರ ಹೊಸದು. ಗಂಟೆಗೆ 30 ಕಿ.ಮೀ.ಗೂ ಹೆಚ್ಚು ವೇಗ ಪುಕ್ಕಟೆ ಸಿಕ್ಕಿತು! ಮುಂದಿನ ವರ್ಷ ಆ ಡೇಟೋನಾ ಕೂಪೆ ಫೆರಾರಿಯನ್ನು ಹಿಂದಿಕ್ಕಿ ಜಿಟಿ ವರ್ಗದ ವಿಶ್ವ ಚಾಂಪಿಯನ್‌ಷಿಪ್ ತಂದುಕೊಟ್ಟಿತು.

ಈಗ ಹರಿಗೋಲಿನ ಮಾತು ನೆನಪಿಸಿಕೊಳ್ಳಿ. ಮೇಲೆ ಹೇಳಿದ ಸ್ಪಿಟ್‌ಫೈರ್ ನಿಂತದ್ದು ಹೆರಾಲ್ಡ್ ಕಾರಿನ ಮೊಟಕು ಮಾಡಿದ ಚಾಸಿಯ ಮೇಲೆ. ಅದೇ ಹೆರಾಲ್ಡ್, 1961ರಿಂದ ಮದ್ರಾಸಿನಲ್ಲಿ ತಯಾರಾಗಿ ನಮ್ಮ ಅಜ್ಜಂದಿರ ಕಾಲದ ಡಾಕ್ಟರು, ವಕೀಲರ ಮನೆ ಮುಂದೆ ನಿಲ್ಲುತ್ತಿತ್ತಲ್ಲ, ಸ್ಟ್ಯಾಂಡರ್ಡ್ ಹೆರಾಲ್ಡ್! ಅದಕ್ಕೆ ಚಾಸಿ ಬೇರೆ, ಮೈ ಬೇರೆ. ಭಾರ ಹೊರುವುದು ಕೆಳಗಿನ ಚಾಸಿ. ಮೇಲಿನದನ್ನು ಬದಲಿಸಿದರೂ ಕಾರು ಕುಸಿಯುವುದಿಲ್ಲ. ಸ್ಪ್ರೈಟ್‌ಗೆ ಬೇರೆ ಚಾಸಿ ಇರಲಿಲ್ಲ, ಆದರೆ ಛಾವಣಿಯೇ ಇಲ್ಲದ ಕಾರಾದ್ದರಿಂದ ಬಲವೆಲ್ಲ ನೆಲದಲ್ಲೇ ಇತ್ತು. ಇಂದಿನ ಸಾಮಾನ್ಯ ಕಾರುಗಳ ಕಥೆ ಉಲ್ಟಾ. ಮಾರುತಿ 800ರಿಂದ ಹಿಡಿದು ಬಹುತೇಕ ಎಲ್ಲದರಲ್ಲೂ ಛಾವಣಿ, ಕಂಬ, ನೆಲ ಎಲ್ಲ ಸೇರಿ ಒಂದೇ ಪೆಟ್ಟಿಗೆಯಾಗಿ ಭಾರ ಹೊರುತ್ತವೆ. ಅದರ ಹಿಂಭಾಗ ಕತ್ತರಿಸಿ ಫೈಬರ್ ಹಚ್ಚುವುದು ಅಂದರೆ ಮನೆಯ ತೊಲೆ ತೆಗೆದು ಬಣ್ಣದ ಕಾಗದ ಅಂಟಿಸಿದ ಹಾಗೆ. ಯೂಟ್ಯೂಬ್ ನೋಡಿ ಗ್ಯಾಸ್ ಕಟರ್ ಹಿಡಿಯುವ ತಮ್ಮಂದಿರು ದಯವಿಟ್ಟು ಈ ಪ್ಯಾರಾವನ್ನು ಎರಡು ಸಲ ಓದಿ.

ಇನ್ನು ಕರ್ನಾಟಕಕ್ಕೆ ಬರೋಣ. ಬೆಂಗಳೂರಿನಲ್ಲಿ 1970ರ ದಶಕದಲ್ಲಿ ಸನ್‌ರೈಸ್ ಆಟೋಮೋಟಿವ್ ಇಂಡಸ್ಟ್ರೀಸ್ ಅನ್ನುವ ಕಂಪನಿ 'ಬಾದಲ್' ಅನ್ನುವ ಗಾಡಿ ಮಾಡಿತು. ಫೈಬರ್‌ಗ್ಲಾಸ್ ಮೈ, ಮುಂದೆ ಒಂದೇ ಚಕ್ರ, ಹಿಂದೆ 198 ಸಿಸಿಯ ಟೂ ಸ್ಟ್ರೋಕ್ ಎಂಜಿನ್. ಆಟೋರಿಕ್ಷಾಕ್ಕೂ ಕಾರಿಗೂ ಹುಟ್ಟಿದ ಕೂಸು. ಫೋಟೊ ನೋಡಿದರೆ ನಗು ಬರುತ್ತದೆ. ಆದರೆ ಲೈಸೆನ್ಸ್ ರಾಜ್ಯದ ಆ ಕಾಲದಲ್ಲಿ ಅಂಬಾಸಡರ್, ಫಿಯಟ್, ಸ್ಟ್ಯಾಂಡರ್ಡ್ ಬಿಟ್ಟರೆ ಬೇರೆ ಕಾರೇ ಇಲ್ಲದಾಗ, ಪ್ರೆಸ್ ಇಲ್ಲದೆ ಡೈ ಇಲ್ಲದೆ ಬೆಂಗಳೂರಿನಲ್ಲಿ ಕಾರಿನ ಮೈ ಮಾಡಿದ್ದರಲ್ಲ, ನನಗೆ ಆ ಎದೆಗಾರಿಕೆ ಇಷ್ಟ.

ಅದೇ ಕಂಪನಿ ಆಮೇಲೆ ಸಿಪಾನಿ ಆಟೋಮೊಬೈಲ್ಸ್ ಆಯಿತು. 1982ರಲ್ಲಿ 'ಡಾಲ್ಫಿನ್' ತಂದಿತು. ಬ್ರಿಟನ್ನಿನ ಟ್ಯಾಮ್‌ವರ್ತ್ ಊರಿನ ರಿಲಯಂಟ್ ಕಂಪನಿಯ 'ಕಿಟನ್' ಕಾರಿನ ಅವತಾರ ಅದು. (ನಮ್ಮ ಅಂಬಾನಿಯವರ ರಿಲಯನ್ಸ್ ಅಲ್ಲ ಮತ್ತೆ!) 848 ಸಿಸಿ, ನಾಲ್ಕು ಸಿಲಿಂಡರ್, ಎರಡು ಬಾಗಿಲು, ಕೆಳಗೆ ಚಾಸಿ, ಮೇಲೆ ಫೈಬರ್‌ಗ್ಲಾಸ್. ಹಗುರ ಮೈ, ಹಿಂದಿನ ಚಕ್ರಕ್ಕೆ ಶಕ್ತಿ, ಹಾಗಾಗಿ ರ‍್ಯಾಲಿ ಹುಚ್ಚಿನವರಿಗೆ ಅದು ಅಚ್ಚುಮೆಚ್ಚು.

ಈ ರಿಲಯಂಟ್ ಕಂಪನಿಯ ಕಥೆ ಸ್ವಾರಸ್ಯವಾಗಿದೆ, ಒಂದು ನಿಮಿಷ ದಾರಿ ತಪ್ಪುತ್ತೇನೆ. ಡೈ ಪ್ರೆಸ್ಸಿಗೆ ದುಡ್ಡಿಲ್ಲದ ದೇಶಗಳಿಗೆಲ್ಲ ಫೈಬರ್‌ಗ್ಲಾಸ್ ಕಾರಿನ ವಿದ್ಯೆ ಮಾರಿದ್ದು ಇವರೇ. ಇಸ್ರೇಲಿನ ಹೈಫಾದಲ್ಲಿ ಆಟೋಕಾರ್ಸ್ ಕಂಪನಿಯ ಕಾರುಗಳು, 1966ರಲ್ಲಿ ಟರ್ಕಿಯ 'ಅನಾದೋಲ್'. ಇಸ್ರೇಲಿನಲ್ಲಿ ಫೈಬರ್‌ಗ್ಲಾಸ್ ಕಾರನ್ನು ಒಂಟೆ ತಿಂದುಬಿಡುತ್ತದೆ ಅಂತ ಪುಕಾರು. ಟರ್ಕಿಯಲ್ಲಿ ಎತ್ತು, ಆಡು ತಿನ್ನುತ್ತವೆ ಅಂತ. ಗಾಜು ತಿನ್ನುವಷ್ಟು ಹಸಿದ ಆಡು ನಮ್ಮ ಯಲಬುರ್ಗಾ ಕಡೆಯ ಬರಗಾಲದಲ್ಲೂ ಹುಟ್ಟಿಲ್ಲ ಬಿಡಿ :-) ಆದರೆ ಪೂರ್ವ ಜರ್ಮನಿಯ ಟ್ರಾಬಾಂಟ್ ಕಾರಿನ ಮೈಯಲ್ಲಿ ಹತ್ತಿಯ ತ್ಯಾಜ್ಯವೇ ನಾರು. ಕಿನ್ನಾಳಕ್ಕೆ ಅದು ಇನ್ನೂ ಹತ್ತಿರದ ಸಂಬಂಧಿ. ಟರ್ಕಿಯವರು 1973ರಲ್ಲಿ ಅನಾದೋಲ್ ಹೆಸರಲ್ಲೇ ಎಸ್‌ಟಿಸಿ-16 ಅನ್ನುವ ಫೈಬರ್‌ಗ್ಲಾಸ್ ಸ್ಪೋರ್ಟ್ಸ್ ಕೂಪೆಯನ್ನೂ ಮಾಡಿದರು. ರಿಲಯಂಟ್ ಮಾತ್ರ ಕಮ್ಮಿಯೇ? ತನ್ನ ಸಿಮಿಟರ್ ಅನ್ನುವ ಕೂಪೆಗೆ 1968ರಲ್ಲಿ ಬೇರೆ ಬೆನ್ನೇ ಕೊಟ್ಟಿತು. ಟಾಮ್ ಕರೆನ್ ವಿನ್ಯಾಸದಲ್ಲಿ ಛಾವಣಿಯನ್ನು ಹಿಂದಿನವರೆಗೂ ಎಳೆದು, ಹಿಂಬದಿಗೆ ಎತ್ತುವ ಗಾಜಿನ ಬಾಗಿಲಿಟ್ಟು, ಸ್ಪೋರ್ಟ್ಸ್ ಕಾರಿನಲ್ಲೇ ನಾಲ್ಕು ಜನ ಕೂರುವ ಹಾಗೆ ಮಾಡಿದ. ಬ್ರಿಟನ್ನಿನ ರಾಜಕುಮಾರಿ ಆ್ಯನ್ ವರ್ಷಗಟ್ಟಲೆ ಅದನ್ನೇ ಓಡಿಸಿದರು.

ಮರಳಿ ಬೆಂಗಳೂರಿಗೆ. ಡಾಲ್ಫಿನ್ ರಸ್ತೆಗಿಳಿದ ಮರುವರ್ಷ, 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅಲ್ಲಿಗೆ ಆಟ ಮುಗಿದ ಹಾಗೇ. ನಮ್ಮ ಜನಕ್ಕೆ ಎರಡು ಬಾಗಿಲಿನ ಕಾರು ಬೇಡ. ಹಿಂದೆ ಅಮ್ಮ, ಅಜ್ಜಿ, ಮಕ್ಕಳು ಕೂರಬೇಕಲ್ಲ! ಸಿಪಾನಿಯವರು ಹೊಸ ಅಚ್ಚು ಮಾಡಿ ಹಿಂಭಾಗಕ್ಕೂ ಬಾಗಿಲಿಟ್ಟು 'ಮೊಂಟಾನಾ' ತಂದರು. ಕಾರಿನ ಹಿಂಭಾಗವನ್ನೇ ಬದಲಿಸುವ ಕೆಲಸ ಒಂದು ಸಣ್ಣ ಕಂಪನಿಗೆ ಕೈಗೆಟುಕಿದ್ದು ಅದು ಫೈಬರ್‌ಗ್ಲಾಸ್ ಆಗಿದ್ದರಿಂದಲೇ. ಆದರೆ ಅದೇ ಫೈಬರ್‌ಗ್ಲಾಸ್ ಅದರ ಕುತ್ತಿಗೆಗೂ ಬಂತು. ಪ್ರೆಸ್ಸಿನಲ್ಲಿ ತಗಡು ಕೆಲವು ಕ್ಷಣದಲ್ಲಿ ಬಾಗಿಲಾಗುತ್ತದೆ. ಫೈಬರ್‌ಗ್ಲಾಸ್ ಅಚ್ಚಿನಿಂದ ಕೈಯಲ್ಲಿ ದಿನಕ್ಕೆ ಒಂದೋ ಎರಡೋ ಮೈ ತೆಗೆದರೆ ಹೆಚ್ಚು. ಸಾವಿರ ಕಾರಿಗೆ ಫೈಬರ್‌ಗ್ಲಾಸ್ ಅಗ್ಗ, ಲಕ್ಷ ಕಾರಿಗೆ ಉಕ್ಕು ಅಗ್ಗ. 1990ರ ದಶಕದಲ್ಲಿ ಸಿಪಾನಿಯವರು ರೋವರ್ ಮಾಂಟೆಗೊ ಜೋಡಿಸಿ ಮಾರಲು ನೋಡಿದರು, ಅದೂ ಕೈಹಿಡಿಯಲಿಲ್ಲ.

1998ರಲ್ಲಿ ಬೆಂಗಳೂರಿನದೇ ಸ್ಯಾನ್ ಮೋಟರ್ಸ್ 'ಸ್ಟಾರ್ಮ್' ಹೊರತಂದಿತು. ಇದು ನಿಜವಾದ ಸ್ಪೋರ್ಟ್ಸ್ ಕಾರಿನ ಆಕಾರ. ಎರಡು ಸೀಟು, ಫೈಬರ್‌ಗ್ಲಾಸ್ ಮೈ, ರೆನೊ ಕಂಪನಿಯ 1149 ಸಿಸಿ ಎಂಜಿನ್, ಸುಮಾರು 60 ಅಶ್ವಶಕ್ತಿ. ಫ್ರಾನ್ಸಿನ ಲೆ ಮಾನ್ಸ್ ಗ್ರೂಪ್ ವಿನ್ಯಾಸ. ಎಂಜಿನ್ ಸಣ್ಣದು, ಬೆಲೆ ದೊಡ್ಡದು ಅಂತ ಪತ್ರಿಕೆಗಳು ಮೂಗು ಮುರಿದವು. ಇರಬಹುದು. ತಮಾಷೆ ಏನು ಗೊತ್ತಾ? 2001ರ ಹೊತ್ತಿಗೆ ತನ್ನದೇ ಕಾರು ಮಾಡುವುದನ್ನು ನಿಲ್ಲಿಸಿ ಹೊರಗಿನ ಗಾಡಿ ತರಿಸಿ ಮಾರಲು ಕೂತ ರಿಲಯಂಟ್, ಈ ಸ್ಟಾರ್ಮ್ ಅನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಬೆಂಗಳೂರಿಗೆ ಫೈಬರ್‌ಗ್ಲಾಸ್ ಕಾರು ಕಲಿಸಿದವರ ಅಂಗಡಿಯಲ್ಲಿ ಬೆಂಗಳೂರಿನ ಫೈಬರ್‌ಗ್ಲಾಸ್ ಕಾರು!

ಸರಿ, ಹೀಗೊಂದು ತೆರೆದ ಕಾರಿಗೆ ಬೆನ್ನು ಕಟ್ಟುವುದು ಹೇಗೆ? ಮೊದಲು ಕಾರಿನ ಮೇಲೇ ಪ್ಲೈವುಡ್, ಥರ್ಮಾಕೋಲಿನಂಥ ಫೋಮು, ಪಿಒಪಿ ಬಳಸಿ ಬೇಕಾದ ಆಕಾರ ಕಟ್ಟಬೇಕು. ಅದಕ್ಕೂ ಮೊದಲು ಹಿಂಬದಿಯ ಗಾಜು ಯಾವುದು ಅಂತ ತೀರ್ಮಾನ ಆಗಬೇಕು. ನಮಗೆ ಬೇಕಾದ ಬಾಗಿಗೆ ಒಂದೇ ಒಂದು ಗಾಜು ಮಾಡಿಸಲು ಹೋದರೆ ಮನೆ ಮಾರಬೇಕಾದೀತು. ಅದಕ್ಕೇ ಜಾಣರು ಯಾವುದೋ ಹ್ಯಾಚ್‌ಬ್ಯಾಕಿನ ಗಾಜು ಗುಜರಿಯಿಂದ ತಂದಿಟ್ಟುಕೊಂಡು ಅದರ ಸುತ್ತ ಕಾರಿನ ಬೆನ್ನು ಬರೆಯುತ್ತಾರೆ. ಆಕಾರವನ್ನು ಪುಟ್ಟಿ ಹಚ್ಚಿ, ಉಜ್ಜಿ, ಮತ್ತೆ ಹಚ್ಚಿ, ಮತ್ತೆ ಉಜ್ಜಿ... ವಾರಗಟ್ಟಲೆ ಕೆಲಸ. ಇಲ್ಲಿ ಉಳಿದ ಒಂದು ಗೀರು ಮುಂದೆ ಪ್ರತಿ ಕಾರಿನ ಮೇಲೂ ಕಾಣುತ್ತದೆ. ಆಮೇಲೆ ಮೇಣ ತಿಕ್ಕಿ, ಅದರ ಮೇಲೆ ಫೈಬರ್‌ಗ್ಲಾಸ್ ಹಚ್ಚಿ ಅಚ್ಚು ತೆಗೆಯಬೇಕು. ಅಚ್ಚಿನ ಒಳಮೈಗೆ ಮತ್ತೆ ಮೇಣ, ಜೆಲ್‌ಕೋಟ್, ಆಮೇಲೆ ಗಾಜಿನ ನಾರಿನ ಚಾಪೆ. ಒಂದು ಕೆಜಿ ಚಾಪೆಗೆ ಎರಡು, ಎರಡೂವರೆ ಕೆಜಿ ರೆಸಿನ್. ಹೆಚ್ಚು ರೆಸಿನ್ ಸುರಿದರೆ ಗಟ್ಟಿ ಆಗುತ್ತದೆ ಅನ್ನುವುದು ಭ್ರಮೆ. ಬಲ ಇರುವುದು ನಾರಿನಲ್ಲಿ, ಹೆಚ್ಚಾದ ರೆಸಿನ್ ಬರೀ ಭಾರ, ಬಿರುಕು. ಒಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳನ್ನು ರೋಲರಿನಿಂದ ಒತ್ತಿ ಒತ್ತಿ ಓಡಿಸಬೇಕು.

ಕುಷ್ಟಗಿ ರಸ್ತೆಯ ಒಂದು ಶೆಡ್ಡಿನಲ್ಲಿ ಟ್ರ್ಯಾಕ್ಟರಿನ ಫೈಬರ್ ಟಾಪ್ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರ ಹತ್ತಿರ ಇದನ್ನೆಲ್ಲ ಕೇಳಿದ್ದೆ. "ಕಾಕಾ, ಬ್ಯಾಸಗಿಯಾಗ ಹೆಂಗ ಮಾಡ್ತೀರಿ?" ಅಂದೆ. "ತಮ್ಮಾ, ಬ್ಯಾಸಗಿಯಾಗ ಇದು ನಮ್ಮ ಮಾತ ಕೇಳಂಗಿಲ್ಲ. ನಸಿಕನ್ಯಾಗ ಎದ್ದು ಹಚ್ಚಬೇಕು. ಬಿಸಿಲೇರಿತಂದ್ರ ಡಬ್ಬಿಯಾಗ ಕಲ್ಲಾಗಿ ಕುಂದರತೈತಿ" ಅಂದರು. ಅದೇ ವಿಜ್ಞಾನ. ರೆಸಿನ್ನಿಗೆ ಬೆರೆಸುವ ಹಾರ್ಡನರ್ ನೂರಕ್ಕೆ ಒಂದೆರಡು ಪಾಲು ಅಷ್ಟೇ, ಆದರೆ ಶಾಖ ಹೆಚ್ಚಿದಷ್ಟೂ ಬೇಗ ಗಟ್ಟಿಯಾಗುತ್ತದೆ. ನಮ್ಮ ಕಡೆಯ 40 ಡಿಗ್ರಿಗೆ ಕೈಯಲ್ಲಿರುವ ಸಮಯ ಕೆಲವೇ ನಿಮಿಷ. ಗಟ್ಟಿಯಾದ ಮೇಲೂ ಅವಸರ ಮಾಡಿ ಅಚ್ಚಿನಿಂದ ಕಿತ್ತರೆ ಬೆನ್ನು ಸೊಟ್ಟಗಾಗಿ ಬಾಗಿಲಿನ ಗಾಜಿಗೂ ಛಾವಣಿಗೂ ಬೆರಳು ತೂರುವಷ್ಟು ಸಂದು. ಮಳೆಗಾಲದಲ್ಲಿ ಅದರ ಫಲ ಸೀಟಿನ ಮೇಲೆ.

ಈ ಕೆಲಸದಲ್ಲಿ ನಮ್ಮ ಏಳು ತಾಲ್ಲೂಕಿನ ಕೈಗೆ ಆಗದ್ದು ಯಾವುದೂ ಇಲ್ಲ ಅಂತ ನನ್ನ ಅಭಿಪ್ರಾಯ. ಕೊಪ್ಪಳದ ಹತ್ತಿರ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಿಂದ ಎಂಜಿನ್ನಿಗೆ ಬೇಕಾದ ಎರಕಗಳು ದೇಶದ ತುಂಬ ಹೋಗುತ್ತವೆ. ಭಾನಾಪುರದಲ್ಲಿ ಆಟಿಕೆಗಳ ದೊಡ್ಡ ಕೈಗಾರಿಕಾ ವಲಯಕ್ಕೆ 2021ರಲ್ಲಿ ಶಂಕುಸ್ಥಾಪನೆ ಆಯಿತು, ಅಲ್ಲಿ ಪ್ಲಾಸ್ಟಿಕ್ ಅಚ್ಚಿನ ಕೆಲಸ. ಗಂಗಾವತಿಯ ಗ್ಯಾರೇಜುಗಳಲ್ಲಿ ಭತ್ತದ ಸೀಸನ್ನಿಗೆ ಮುಂಚೆ ಲಾರಿ ಟ್ರೇಲರುಗಳಿಗೆ ಏನೇನು ಅವತಾರ ಹಾಕುತ್ತಾರೆ ಅಂತ ನೋಡಬೇಕು. ಕೈ ಇದೆ. ದಾರಿ ಮುಚ್ಚಿರುವುದು ಬೇರೆ ಕಡೆ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕೇರಳ ಹೈಕೋರ್ಟಿನ ತೀರ್ಪನ್ನು ರದ್ದು ಮಾಡಿ ಇದನ್ನೇ ಗಟ್ಟಿಯಾಗಿ ಹೇಳಿತು. ಸಿಎನ್‌ಜಿ ಕಿಟ್, ಅಂಗವಿಕಲರಿಗೆ ಬೇಕಾದ ಬದಲಾವಣೆ ಇಂಥವಕ್ಕೆ ಬೇರೆ ದಾರಿ ಇದೆ, ಅಂದದ ಬೆನ್ನಿಗಿಲ್ಲ. ಹೊಸ ಕಾರನ್ನೇ ಮಾಡುತ್ತೇನೆ ಅಂದರೆ ಮಾದರಿಯನ್ನು ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ ಪಾಸಾಗಬೇಕು. ಇದರಲ್ಲಿ ನಾನು ಕೋರ್ಟಿನ ಪರವೇ. ಅಡ್ಡಾದಿಡ್ಡಿ ಕತ್ತರಿಸಿದ ಕಾರು ಎದುರಿಗೆ ಬಂದರೆ ಸಾಯುವುದು ನಾವೂ ಹೌದು. ಆದರೆ ಬ್ರಿಟನ್ನಿನಲ್ಲಿ ಒಬ್ಬನೇ ಕಟ್ಟಿದ ಒಂದೇ ಕಾರನ್ನೂ ಪರೀಕ್ಷೆ ಮಾಡಿ ನಂಬರ್ ಕೊಡುವ ವ್ಯವಸ್ಥೆ ಇದೆ. ಬೇಡ ಅನ್ನುವುದಕ್ಕೂ ಪರೀಕ್ಷಿಸಿ ಹೂಂ ಅನ್ನುವುದಕ್ಕೂ ವ್ಯತ್ಯಾಸ ಇದೆಯಲ್ಲ.

ಕೊನೆಯದಾಗಿ ನನಗೆ ನಿಜಕ್ಕೂ ಚಿಂತೆಯ ಸಂಗತಿ. ತಗಡಿನ ಹಳೆ ಕಾರಿಗೆ ಗುಜರಿಯವನು ಕೆಜಿ ಲೆಕ್ಕದಲ್ಲಿ ದುಡ್ಡು ಕೊಡುತ್ತಾನೆ. ಫೈಬರ್‌ಗ್ಲಾಸ್ ಮೈಗೆ ಮೂರು ಕಾಸು ಹುಟ್ಟುವುದಿಲ್ಲ. ಕೆಳಗಿನ ಚಾಸಿ ತುಕ್ಕು ಹಿಡಿದ ದಿನ ಅದನ್ನು ಬಿಚ್ಚಿ ಮಾರುತ್ತಾರೆ, ಮೈಯನ್ನು ಒಡೆದು ಎಸೆಯುತ್ತಾರೆ. ವಿಚಿತ್ರ ನೋಡಿ, ಕೊಳೆಯದೇ ಇರುವ ಭಾಗವನ್ನೇ ಎಸೆಯುವುದು. ಬಾದಲ್, ಡಾಲ್ಫಿನ್, ಮೊಂಟಾನಾಗಳು ಹೀಗೇ ಒಂದೊಂದಾಗಿ ಹೋಗುತ್ತಿವೆ. ಉಕ್ಕಿನ ಕಾರಾದರೆ ಡೈ ಕಳೆದುಹೋದ ಮೇಲೆ ಮುಗಿಯಿತು. ಫೈಬರ್‌ಗ್ಲಾಸ್ ಹಾಗಲ್ಲ, ಒಂದು ಇಡೀ ಮೈ ಉಳಿದಿದ್ದರೂ ಅದಕ್ಕೇ ಮೇಣ ಹಚ್ಚಿ ಹೊಸ ಅಚ್ಚು ತೆಗೆಯಬಹುದು. ಉಳಿದ ಕಾರೇ ಅಚ್ಚಿನ ತಾಯಿ.

ಹಾಗಾಗಿ ಮಿತ್ರರೇ, ನಿಮ್ಮೂರಿನ ಯಾವುದಾದರೂ ಹಿತ್ತಲಲ್ಲಿ, ಹುಲ್ಲಿನ ಬಣವೆ ಪಕ್ಕದಲ್ಲಿ, ಕೋಳಿ ಮಲಗುವ ಹಳೇ ಡಾಲ್ಫಿನ್ನೋ ಬಾದಲ್ಲೋ ಕಂಡರೆ ಮಾಲೀಕರ ಒಪ್ಪಿಗೆ ಕೇಳಿ ನಾಲ್ಕೂ ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ. ಹಿಂಭಾಗದ್ದು ಎರಡು ಹೆಚ್ಚಿಗೆ ಇರಲಿ. ಒಂದು ಅಳತೆಪಟ್ಟಿ ಜೊತೆಗೆ ಒಯ್ದರೆ ಇನ್ನೂ ಒಳ್ಳೆಯದು. ಛಾವಣಿಯ ಅಂಚಿನಿಂದ ಹಿಂದಿನ ಬಂಪರಿನವರೆಗಿನ ಉದ್ದ, ಗಾಜಿನ ಅಗಲ, ಅಷ್ಟು ಸಾಕು. ಕೋಳಿ ಎಬ್ಬಿಸಬೇಡಿ.